ಕೈ ಹಿಡಿದುಕೊಳ್ಳುವವಳು

ಹೊಗೆ ಒಳಕ್ಕೇ ನುಗ್ಗುತ್ತಿದೆ, ಜಗುಲಿಯಲ್ಲಿ ಹುಚ್ಚಯ್ಯ ಕೆಂಡ ಊದುತ್ತಿದ್ದಾನೆ, ಊದಲಿ, ಸಲಾಕೆ ಕಾಯುವವರೆಗಾದರೂ ಮಗು ತನ್ನದು, ಸುಂದ್ರಮ್ಮ ನಡುಮನೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕದದ ಸಂದಿಯಿಂದ ಬಿದ್ದ ಬಿಸಿಲನ್ನೇ ನೋಡುತ್ತಿದ್ದಳು, ಆ ಬಿಸಿಲಿಗೆ ಮಗಳು ಬೀರಿ ಬೆರಳು ಒಡ್ಡಿದ್ದಾಳೆ, ಕಣ್ಣಿನ ಪಕ್ಕಕ್ಕೆ ತಂದು ಪಟಪಟ ಆಡಿಸುತ್ತಾಳೆ, ಮೈ ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ, ಒಂದು ಗಳಿಗೆ ಸುಮ್ಕಿರವ್ವ, ಅವರು ನೋಡಿಬಿಟ್ಟರೆ — ನೋಡಿಯೇ ತಾನೆ ಬರೆ ಹಾಕಿಸಲು ಹಂಪಾಪುರದಿಂದ ಈ ಹುಚ್ಚಯ್ಯನನ್ನು ಕರೆಸಿರುವುದು. ಮಹಾರಾಜರ ಬೆಳ್ಳಿಹಬ್ಬದ ವರ್ಷ ಹುಟ್ಟಿದವಳು, ಓರಗೆಯ ಹುಡುಗಿಯರು ಆಗಲೇ ಕೊಡ ಹೊರುತ್ತಾರೆ, ಇವಳು ಕೈ ಬೀಸುತ್ತಾಳೆ. ಯಾಕೆ ಬೀಸುತ್ತಾಳೆ ಎಂದರೆ ಎಲ್ಲರಿಗೂ ಗೊತ್ತು, ಹೆತ್ತವಳೊಬ್ಬಳನ್ನು ಬಿಟ್ಟು. ಅತ್ತೆಗೆ ಗ್ರಹಣ, ಬಸುರೀಲಿ ಗ್ರಾಣದ ದಿನ ಈಚ್ಗೆ ಓಗ್ಬ್ಯಾಡ ಅಂದ್ರೆ ಕೇಳಿದ್ಯಾ ಸುಂದ್ರಿ, ಈಗ ಅನ್ಬೋಸು. ಹೋಗದೆ, ದನ ಯಾರು ಕಟ್ಟಬೇಕಿತ್ತು, ಅತ್ತೆ ಕದ ಹಾಕಿಕೊಂಡು ಮಲಗಿದ್ದಳಲ್ಲ. ಹುಣಸೂರು ಸಂತೆಯಲ್ಲಿ ಸಿಕ್ಕಿದ ಕಾಂಪೌಂಡರಿಗೆ ಜಂತುಹುಳ, ಹರಳೆಣ್ಣೆ ಕುಡಿಸಮ್ಮ ಎಂದ, ಕುಡಿಸಿದಳು, ಮಗು ವಾಂತಿ ಮಾಡಿಕೊಳ್ಳುತ್ತಲೇ ಕೈ ಬೀಸಿತು. ಹುಚ್ಚಯ್ಯನಿಗೆ ಗಾಳಿ. ಗಂಡ ಸಣ್ಣಬೀರಯ್ಯನಿಗೆ ಕೊಬ್ಬು, ಎರಡು ಬುಟ್ರೆ ಸರ್‍ಯಾಯ್ತದೆ ಬುಡು ಎನ್ನುತ್ತಾನೆ, ಬಿಟ್ಟೂ ನೋಡಿದ, ಆಮೇಲೆ ಕಂಬಳಿ ಮಗ್ಗದ ಮುಂದೆ ಕೂತು ಅರ್ಧ ದಿನ ಒಂದು ಎಳೆಯನ್ನೂ ನೇಯಲಿಲ್ಲ.

ಸುಂದ್ರಮ್ಮನೂ ನೋಡಿದ್ದಾಳೆ, ಕಣ್ಣಿದೆಯಲ್ಲ, ಉಣ್ಣೆ ಹಿಂಜುವ ಬಿಲ್ಲು ಮಿಡಿದರೆ ಸಾಕು ಬೀರಿಯ ಕೈ ಏಳುತ್ತದೆ, ಹಾಗಾದರೆ ಸದ್ದಿಗೆ ಹೆದರಿಕೆ ಎಂದುಕೊಂಡರೆ ಅಪ್ಪ ಹೊಳೆಯಿಂದ ಬರುವುದು ಕಂಡರೂ ಏಳುತ್ತದೆ, ಅದು ಹೆದರಿಕೆಯಲ್ಲ, ಹಸಿದರೆ ಏಳುತ್ತದೆ, ಹೊಟ್ಟೆ ತುಂಬಿ ಏನೂ ಮಾಡಲು ತೋಚದಿದ್ದರೂ ಏಳುತ್ತದೆ, ಎಲ್ಲಿಯದು ಗಾಳಿ, ಎಲ್ಲಿಯದು ಹುಳ — ಹೇಳಿದರೆ, ಓ ಪಂಡಿತೆ ಬಂದ್ಲು ಕಣಪ್ಪ ಎಂದಳು ಅತ್ತೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಯಾರೂ ಇಲ್ಲದಾಗ ಅವಳೂ ತನ್ನ ಬೆರಳನ್ನು ಕಣ್ಣಿನ ಪಕ್ಕಕ್ಕೆ ತಂದು ಆಡಿಸಿ ನೋಡಿದಳು, ಬಿಸಿಲು ಚೂರುಚೂರಾಗಿ ಉದುರಿತು, ಒಳಗೆ ಬೈಯುತ್ತಿದ್ದ ಅತ್ತೆಯ ದನಿ ಎಲ್ಲೋ ದೂರ ಹೋಯಿತು, ಎಷ್ಟು ದೂರ, ಹೊಳೆಯಾಚೆ, ಛೀ, ಯಾರಾದರೂ ಕಂಡರೆ ತನಗೂ ಬರೆ ಎಂದು ಕೈ ಇಳಿಸಿದಳು. ಇದನ್ನು ಯಾರಿಗೆ ಹೇಳುವುದು. ಕಳೆದ ಸಲ ಮಗಳ ಬಲಗೈ ಮಣಿಕಟ್ಟಿಗೆ ಬರೆ ಹಾಕಿದಾಗ ಕೈ ಹಿಡಿದುಕೊಂಡವಳು ಅವಳೇ, ತಾಯಿ ಇಡ್ಕೊಂಡ್ರೆ ಮಗು ಎದರಾಕಿಲ್ಲ ಅಂದಿದ್ದ ಹುಚ್ಚಯ್ಯ, ಹಿಡಿದುಕೊಂಡಳು, ಸುಟ್ಟ ಚರ್ಮದ ವಾಸನೆ ಸೆರಗಿನಿಂದ ಹೋಗಲಿಲ್ಲ, ಕೈ ನಿಂತಿತು, ನೋಡ್ದಾ ಎಂದಳು ಅತ್ತೆ, ಮುದ್ದೆಯೂ ನಿಂತಿತು, ಆಗೀಗ ಅವ್ವ ಎನ್ನುತ್ತಿದ್ದುದೂ ನಿಂತಿತು, ಗೋಡೆಗೆ ಮುಖ ಹಾಕಿ ಬಿದ್ದುಕೊಂಡಿತು ಮಗು, ಆಮೇಲೊಂದು ಬೆಳಿಗ್ಗೆ ಕಂಬಳಿಯೊಳಗಿಂದ ಒಂದು ಬೆರಳು ಆಡಿತು, ಸುಂದ್ರಮ್ಮ ಒಲೆಯ ಮುಂದೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಸಂತೋಷಕ್ಕೆ.

ಸುಂದ್ರೀ, ಕಾದದೆ ಕಣೆ, ಕರ್ಕೊಂಡ್ ಬಾ. ಅತ್ತೆಯ ದನಿ. ಸುಂದ್ರಮ್ಮ ಎದ್ದಳು, ಬಾಗಿಲವರೆಗೆ ಹೋದಳು, ಕೈ ತಾನಾಗಿ ಅಗುಳಿ ಹಾಕಿತು. ತಗಿ ಕದವ, ಗಂಡ ಬಡಿಯುತ್ತಿದ್ದಾನೆ, ತಗಿಯೇ, ಏನ್ ಬಂದದೆ ನಿಂಗೆ. ತಗಿಯಾಕಿಲ್ಲ, ಎಂದಳು, ಇಷ್ಟು ಗಟ್ಟಿಯಾಗಿ ಈ ಮನೆಯಲ್ಲಿ ಅವಳು ಮಾತಾಡಿದ್ದೇ ಇಲ್ಲ, ನಾ ಕೈ ಇಡ್ಕೊಳಾಕಿಲ್ಲ, ನೀವೇ ಇಡ್ಕಳದಾದ್ರೆ ಕದ ಒಡ್ಕಂಡ್ ಬನ್ನಿ. ಒಡೆದರೂ ಒಡೆದಾನು, ಹಳೆಯ ಹಲಗೆ, ಎಷ್ಟರದು. ಅತ್ತೆ ಬೈಯುತ್ತಿದ್ದಾಳೆ, ತಾಯಿ ಒಪ್ಪದೆ ನಾ ಮುಟ್ಟಾಕಿಲ್ಲ ಕಣಪ್ಪ ಎನ್ನುತ್ತಿದ್ದಾನೆ ಹುಚ್ಚಯ್ಯ, ಚುಯ್ ಎಂದು ಸಲಾಕೆ ನೀರಿಗೆ ಬಿತ್ತು, ಗಂಡ ಆಚೆಯಿಂದ ಕದಕ್ಕೆ ಒರಗಿ ಕೂತಿರಬೇಕು, ಹಲಗೆ ಕಿರುಗುಟ್ಟಿತು, ಅವನ ಉಸಿರು ಕೇಳಿಸುತ್ತದೆ, ಇವತ್ತಿಗೆ ಆಯಿತು, ನಾಳೆ ಮತ್ಯಾವನೋ ಬರುತ್ತಾನೆ, ಬರಲಿ, ಇನ್ನೊಂದು ಕಾರಣ ತರುತ್ತಾನೆ, ತರಲಿ, ಬೀರಿ ಸಂದಿಯ ಬಿಸಿಲಿಗೆ ಮತ್ತೆ ಕೈ ಎತ್ತಿದ್ದಾಳೆ, ಮಣಿಕಟ್ಟಿನ ಮೇಲೆ ಆ ಕಲೆ, ಬೆರಳಿನ ಜೊತೆಗೇ ಮೇಲೆ ಕೆಳಗೆ, ಬೆಳಕಿಗೆ ಬಂದು ಹೋಗಿ, ಬಂದು ಹೋಗಿ, ಆ ಕಲೆ —