ಸರ್ ಹೊರಗೆ ಹೋಗಿದ್ದಾರೆ

ನಿಮ್ಮ ಹೆಸರು, ಹುಟ್ಟಿದ ದಿನ, ಸಹಿ, ಫೋಟೊ ಎಲ್ಲವೂ ಕಳ್ಳರ ಕೈಸೇರಿರುವ ಸಾಧ್ಯತೆ ಇದೆ, ಆದರೆ ಗಾಬರಿಯಾಗಬೇಡಿ ಎಂದು ಬ್ಯಾಂಕಿನವರು ಅವಳ ಗಂಡನಿಗೆ ಕಾಗದ ಬರೆದಿದ್ದರು. ಗಂಡ ಗಾಬರಿಯಾಗಲಿಲ್ಲ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು.

ವಾರ ಕಳೆಯುವುದರೊಳಗೆ ಇನ್ನೊಂದು ಲಕೋಟೆ ಬಂತು. ಹೊಸ ಕ್ರೆಡಿಟ್ ಕಾರ್ಡ್ ಪಡೆದದ್ದಕ್ಕೆ ಅಭಿನಂದನೆ, ಕಾರ್ಡನ್ನು ನಿಮ್ಮ ಹೊಸ ವಿಳಾಸಕ್ಕೆ ತಲುಪಿಸಲಾಗಿದೆ, ಮೊದಲ ಖರೀದಿಯಾದ ಟ್ರೆಡ್‌ಮಿಲ್ ನಿಮಗೆ ಆರೋಗ್ಯ ತರಲಿ.

ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಬದುಕಿದ್ದಾಗ ಒಂದು ಅರ್ಜಿ ನೆಟ್ಟಗೆ ತುಂಬಲಿಲ್ಲ ಮಹರಾಯ. ಈಗ ಕಾರ್ಡ್ ಅಂತೆ, ಟ್ರೆಡ್‌ಮಿಲ್ ಅಂತೆ! ಎರಡನೇ ಮಹಡಿ ಹತ್ತೋಕೆ ಮೂರು ಕಡೆ ನಿಲ್ತಿದ್ದ."

ಅತ್ತೆಯ ಮೈದುನ ವಕೀಲ. ಅವಳಿಗೆ ಚಿಕ್ಕಮಾವ. ಜೆರಾಕ್ಸ್ ಅಂಗಡಿಯ ಮೇಲಿನ ಅವರ ಆಫೀಸಿನಲ್ಲಿ ನಾಲ್ಕು ಕುರ್ಚಿಗಳಿದ್ದವು, ನಾಲ್ಕರಲ್ಲೂ ಫೈಲುಗಳು ಕೂತಿದ್ದವು. ಎರಡು ಕುರ್ಚಿ ಖಾಲಿ ಮಾಡಿಸಿಕೊಂಡು ಅತ್ತೆ, ಸೊಸೆ ಕೂತರು.

"ಮೊದಲು ಬ್ಯಾಂಕಿಗೆ ಬರೆದು ಕೊಡು," ಎಂದು ಚಿಕ್ಕಮಾವ ಶುರುಮಾಡಿದರು. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಸೀಲ್ ಹಾಕಿದ ಪ್ರತಿ ಇಸ್ಕೋ. ಆ ಲಕೋಟೆಗಳನ್ನ ಎಸೀಬೇಡ. ಸೈಬರ್ ಪೊಲೀಸರಿಗೊಂದು ದೂರು. ಅವನ ಹೆಸರಲ್ಲಿ ಇನ್ಯಾರೂ ಸಾಲ ಎತ್ತದ ಹಾಗೆ ಕ್ರೆಡಿಟ್ ಬ್ಯೂರೋದಲ್ಲಿ ಬೀಗ ಹಾಕಿಸು. ಬ್ಯಾಂಕಿನವರು ಸತಾಯಿಸಿದ್ರೆ ದೂರು ಕೇಳೋಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಅಲ್ಲೂ ಆಗದಿದ್ರೆ ಗ್ರಾಹಕರ ನ್ಯಾಯಾಲಯ. ಅಲ್ಲಿ ನಾನಿದೀನಿ."

"ಅದೇ ಭಯ," ಎಂದರು ಅತ್ತೆ.

"ಸುಮ್ನಿರಿ ಅತ್ತಿಗೆ. ಒಂದು ತೊಡಕಿದೆ." ಚಿಕ್ಕಮಾವ ತಾವು ವಿಚಾರಿಸಿದ್ದಕ್ಕೆ ಬ್ಯಾಂಕಿನಿಂದ ಬಂದ ಇಮೇಲಿನ ಪ್ರತಿಯನ್ನು ಮುಂದೆ ತಳ್ಳಿದರು. "ಕಾರ್ಡ್ ಕೊಡೋ ಮೊದಲು ಮನೆಗೆ ಫೋನ್ ಮಾಡಿ ವಿಚಾರಿಸಿದ್ರಂತೆ. ಓದು."

ಅವಳು ಓದಿದಳು. ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದೂಕಾಲು. ಗ್ರಾಹಕರ ಪತ್ನಿ ಮಾತನಾಡಿದರು. ಸರ್ ಹೊರಗೆ ಹೋಗಿದ್ದಾರೆ ಎಂದು ತಿಳಿಸಿದರು. ಗ್ರಾಹಕರು ಇರುವುದು ದೃಢಪಟ್ಟಿದೆ.

ಹೇಳಿದ್ದು ಹೌದು. ಬ್ಯಾಂಕಿನವರಿಗಷ್ಟೇ ಅಲ್ಲ, ವಿಮೆಯವರಿಗೆ, ಗ್ಯಾಸಿನವರಿಗೆ, ಸೈಟು ಮಾರುವವರಿಗೆ, ಎಲ್ಲರಿಗೂ ಅದನ್ನೇ ಹೇಳಿದ್ದಳು. ಮೊದಮೊದಲು ನಿಜ ಹೇಳಿ ನೋಡಿದ್ದಳು. ಆ ಕಡೆಯವರು ಅಯ್ಯೋ ಎಂದು ತಡವರಿಸುತ್ತಿದ್ದರು. ಪರವಾಗಿಲ್ಲ ಬಿಡಿ ಎಂದು ಅವರನ್ನು ಸಮಾಧಾನ ಮಾಡುವ ಕೆಲಸವೂ ಇವಳ ತಲೆಗೇ ಬರುತ್ತಿತ್ತು. ಹೊರಗೆ ಹೋಗಿದ್ದಾರೆ ಎಂದರೆ ಫೋನ್ ಇಡುತ್ತಿದ್ದರು. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು.

"ಹೀಗೇ ಬಿಟ್ರೆ ನೀನೂ ಕಳ್ಳನ ಕಡೆಯವಳು ಅಂತಾರೆ," ಎಂದರು ಚಿಕ್ಕಮಾವ. "ಟ್ರೆಡ್‌ಮಿಲ್ ನಿನ್ನ ಕುತ್ತಿಗೆಗೆ ಬೀಳುತ್ತೆ. ಮರಣ ಪ್ರಮಾಣಪತ್ರ ಬ್ಯಾಂಕಿಗೆ ಆಗಲೇ ಕೊಟ್ಟಿದೀಯ ತಾನೆ?"

"ಇಲ್ಲ."

"ಎಂಟು ತಿಂಗಳಿಂದ?"

ಫ್ರಿಜ್ಜಿನ ಗ್ಯಾರಂಟಿ ಕಾರ್ಡಿನ ಜೊತೆ ಅದು ಡ್ರಾಯರಿನಲ್ಲಿತ್ತು. ಉಳಿದ ಕಡೆಯೆಲ್ಲ ಅವನ ಹೆಸರು ಹೊಡೆದುಹಾಕಿಸಿ ಬಂದಿದ್ದಳು. ಬ್ಯಾಂಕಿನ ಬಾಗಿಲವರೆಗೂ ಎರಡು ಸಲ ಹೋಗಿ, ಎರಡು ಸಲವೂ ತರಕಾರಿ ಕೊಂಡು ವಾಪಸು ಬಂದಿದ್ದಳು. ಅಲ್ಲೊಂದು ಕಡೆ ಅವನು ಇನ್ನೂ ಇದ್ದ.

ಚಿಕ್ಕಮಾವ ಬೈಯಲು ಬಾಯಿ ತೆರೆದರು. ಅತ್ತೆ ಅಡ್ಡ ಬಂದರು.

"ಅವಳು ಹೇಳಿದ್ದು ಸುಳ್ಳೇನಲ್ಲ ಬಿಡು. ಒಳಗಂತೂ ಇಲ್ಲ."

ಅವಳು ಪೆನ್ನು ತೆಗೆದುಕೊಂಡಳು. ಅರ್ಜಿದಾರರು ಅರ್ಜಿಯ ದಿನಾಂಕಕ್ಕಿಂತ ಏಳು ತಿಂಗಳು ಮೊದಲೇ ನಿಧನರಾಗಿದ್ದಾರೆ. ಬರೆದಾದ ಮೇಲೆ ಆ ಸಾಲನ್ನು ನೋಡುತ್ತ ಕೂತಳು. ಅಕ್ಷರ ದುಂಡಗೆ ಬಂದಿತ್ತು.

"ಫೋನಲ್ಲಿ ಹಾಗಂದದ್ದು ದುಃಖದಲ್ಲಿ ಅಂತ ಸೇರಿಸು."

"ದುಃಖ ಅಲ್ಲ ಚಿಕ್ಕಮಾವ. ಸೋಮಾರಿತನ."

"ಸೋಮಾರಿತನಕ್ಕೆ ಕಾನೂನಿನ ರಕ್ಷಣೆ ಇಲ್ಲಮ್ಮ. ದುಃಖ ಅಂತಲೇ ಬರಿ."

ಬರೆದಳು. ಅದೇ ಮಧ್ಯಾಹ್ನ ಪ್ರಮಾಣಪತ್ರದ ಜೊತೆ ಬ್ಯಾಂಕಿನ ಕಿಟಕಿಯಲ್ಲಿ ಕೊಟ್ಟಳು. ಗುಮಾಸ್ತೆ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಪ್ರತಿಗೆ ಸೀಲ್ ಹಾಕಿ, "ಆಯ್ತು ಮೇಡಂ," ಎಂದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಇವಳು ಸೀಲಿನ ಶಾಯಿ ಒಣಗುವವರೆಗೆ ಅಲ್ಲೇ ನಿಂತಿದ್ದಳು.

ಕಾರ್ಡ್ ರದ್ದಾಯಿತು ಎಂಬ ಕಾಗದ ಇಪ್ಪತ್ತಮೂರನೇ ದಿನಕ್ಕೆ ಬಂತು. ಅದೂ ಗಂಡನ ಹೆಸರಿಗೇ ಬಂದಿತ್ತು. ಅದರ ಹಿಂದೆಯೇ ಫೋನ್.

"ನಮಸ್ಕಾರ ಮೇಡಂ, ಬ್ಯಾಂಕಿಂದ. ನಮ್ಮ ಸೇವೆ ಬಗ್ಗೆ ಅಭಿಪ್ರಾಯ ಕೇಳೋಣ ಅಂತ. ಸರ್ ಇದ್ದಾರಾ?"

ಹೊರಗೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಇಲ್ಲ. ತೀರಿಕೊಂಡರು."

"ಸರಿ ಮೇಡಂ," ಎಂದಿತು ಆ ಕಡೆಯ ದನಿ, ಮುಂದಿನ ಸಾಲು ಓದುತ್ತ. "ಯಾವಾಗ ಬರ್ತಾರೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಡುಗೆಮನೆಯಿಂದ ಅತ್ತೆ ಕೂಗಿದರು:

"ಯಾರೇ ಅದು? ಏನಂತೆ?"

"ಬ್ಯಾಂಕಿನವರು ಅತ್ತೆ. ಇವರು ಯಾವಾಗ ಬರ್ತಾರೆ ಅಂತಿದ್ದಾರೆ."

"ಬಂದ ತಕ್ಷಣ ಫೋನ್ ಮಾಡಿಸ್ತೀವಿ ಅನ್ನು," ಎಂದರು ಅತ್ತೆ.