ನಾಲ್ಕು ಸಾವಿರ ಕಾರ್ಡ್ ನಂಬರು

ಬೆಳಿಗ್ಗೆ ಏಳೂಮುಕ್ಕಾಲಿಗೆ, ಜಾವಳಿ ಕಡೆಯ ತೋಟಕ್ಕೆ ಒಂಟಿ ಸಲಗ ಇಳಿದಿದೆ ಎಂದು ಅರಣ್ಯ ಇಲಾಖೆಯ ಗಸ್ತಿನವರು ವೈರ್‌ಲೆಸ್‌ನಲ್ಲಿ ಕೂಗಿದರು. ನಾನು ಬಟನ್ ಒತ್ತಿದೆ. ಅಲ್ಲಿರುವ ಆಳುಗಳಿಗೆಲ್ಲ ಆನೆ ಎಚ್ಚರಿಕೆಯ ಮೆಸೇಜು ಹೋಗಬೇಕಿತ್ತು. ಹೋಗಲಿಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

ಕಂಟ್ರೋಲ್ ರೂಮಿನ ಉಸ್ತುವಾರಿ ಸೋಮಶೇಖರಪ್ಪನವರು ಎದ್ದು ಬಂದರು. “ಏನಾಯ್ತು ನಿಖಿತಾ?”

“ನಂಬರ್ ಹುಡುಕ್ತಾ ಇದೆ ಸರ್.”

“ಇನ್ನೂ? ಅದೇನು ಗಂಡು ಹುಡುಕ್ತಿದ್ಯಾ?”

ಕಾಫಿ ಹಣ್ಣು ಕೊಯ್ಯುವವರು ಇವತ್ತು ಒಂದು ತೋಟ, ನಾಳೆ ಪಿಕಪ್ ಹತ್ತಿ ಇನ್ನೊಂದು. ಹಾಗಾಗಿ ಯಾರು ಎಲ್ಲಿದ್ದಾರೆಂದು ಮೇಸ್ತ್ರಿಗಳು ದಿನಾ ಆಳುಗಳ ಕೂಲಿ ಕಾರ್ಡ್ ನಂಬರು ಕಳಿಸುತ್ತಾರೆ. ಆ ಕಾರ್ಡಿನವರ ಫೋನ್ ನಂಬರು ನಮ್ಮ ಮೂರು ಲಕ್ಷ ಜನರ ಪಟ್ಟಿಯಲ್ಲಿದೆ. ಮಳೆಗಾಲದಲ್ಲಿ ಇನ್ನೂರು ಕಾರ್ಡಿಟ್ಟು ಪರೀಕ್ಷಿಸಿದ್ದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದಿತ್ತು. ಈಗ ಕೊಯ್ಲು. ಜಾವಳಿ ಸುತ್ತಮುತ್ತಲಿನ ತೋಟಗಳಿಂದಲೇ ನಾಲ್ಕು ಸಾವಿರ ಬಂದಿತ್ತು.

“ಮೇಸ್ತ್ರಿ ರುಕ್ಮಿಣಮ್ಮನ ಗ್ಯಾಂಗು ಅದೇ ತೋಟದಲ್ಲಿದೆ. ಕಾಲ್ ಹೋಗ್ತಿಲ್ಲ, ಮೆಸೇಜಾದ್ರೆ ಹೇಗೋ ನುಸುಳುತ್ತೆ. ಪಟ್ಟೀಲಿರೋ ಎಲ್ಲರಿಗೂ ಕಳಿಸ್ಬಿಡು ಮಾರಾಯ್ತಿ!”

“ಮೂರು ಲಕ್ಷ ಹೋಗೋಕೆ ಮಧ್ಯಾಹ್ನ ಆಗುತ್ತೆ ಸರ್.”

ಆಗ ಹೊಳೆಯಿತು. ನಾಲ್ಕು ಸಾವಿರ ನಂಬರನ್ನೂ ಹುಡುಕುವ ಆಜ್ಞೆಯ, ಅಂದರೆ ಕ್ವೆರಿಯ, ಒಳಗೇ ತುರುಕಿದ್ದೆ. ಡೇಟಾಬೇಸು ಮೂರು ಲಕ್ಷ ಜನರಲ್ಲಿ ಒಬ್ಬೊಬ್ಬರನ್ನೂ ಹಿಡಿದು ಆ ಉದ್ದನೆಯ ಸಾಲಿಗೆ ಹೋಲಿಸುತ್ತಿತ್ತು. ಅದನ್ನು ಅಲ್ಲೇ ನಿಲ್ಲಿಸಿದೆ.

“ನಿಲ್ಲಿಸ್ಬಿಟ್ಯಾ? ಅಯ್ಯೋ!”

“ಮಾತಾಡಿಸ್ಬೇಡಿ ಸರ್!”

ತಾತ್ಕಾಲಿಕ ಟೇಬಲ್ ಒಂದನ್ನು ಮಾಡಿ ನಂಬರುಗಳನ್ನೆಲ್ಲ ಅದಕ್ಕೆ ಸುರಿದೆ. ಥಟ್ಟನೆ ಹುಡುಕಲು ಇಂಡೆಕ್ಸ್ ಹಾಕಿ ದೊಡ್ಡ ಪಟ್ಟಿಗೆ ಜಾಯಿನ್ ಮಾಡಿದೆ. ಅವಸರದಲ್ಲಿ ಎರಡು ಸಲ ತಪ್ಪಾಯಿತು. ಎಂಟೂ ಎರಡಕ್ಕೆ ಎಂಟರ್ ಒತ್ತಿದೆ.

ಒಂದೂವರೆ ಸೆಕೆಂಡು. ಮೆಸೇಜು ಹೊರಟಿತು.

ಆಮೇಲೆ ಏನೂ ಇಲ್ಲ. ಹನ್ನೊಂದು ನಿಮಿಷ ಇಬ್ಬರೂ ಫೋನನ್ನೇ ನೋಡುತ್ತ ಕೂತೆವು. ಅದು ರಿಂಗಾದಾಗ ಸೋಮಶೇಖರಪ್ಪನವರು ಸ್ಪೀಕರಿಗೆ ಹಾಕಿದರು.

“ನಾನು ರುಕ್ಮಿಣಿ, ಸರ್.” ಪಿಸುದನಿ. “ಮೆಸೇಜು ನೋಡಿ ಹಣ್ಣು ಸುಲಿಯೋ ಪಲ್ಪರ್ ಮನೆ ಮಹಡಿ ಹತ್ತಿದ್ದೀವಿ, ಇಲ್ಲಿ ಸಿಗ್ನಲ್ ಸಿಗ್ತು. ನಾವು ಕೊಯ್ತಿದ್ದ ಸಾಲಲ್ಲೇ ಬಂದು ನಿಂತಿದೆ. ಚೀಲ ಎಲ್ಲ ತುಳೀತಿದೆ.”

“ಜನ? ಜನ ಎಲ್ಲಮ್ಮ?”

“ನಲವತ್ತೆರಡೂ ಜನ ಮೇಲಿದ್ದೀವಿ. ಮೆತ್ತಗೆ ಮಾತಾಡಿ, ಅದು ಇನ್ನೂ ಕೆಳಗೇ ಇದೆ.”

ಸೋಮಶೇಖರಪ್ಪನವರು ಉಸಿರು ಹಿಡಿದು ನಮ್ಮ ರೂಮಿನ ಫ್ಯಾನನ್ನೂ ಆರಿಸಿದರು.