ಅಧ್ಯಕ್ಷೆಯ ಮೊದಲ ಅಪ್ಪಣೆ

“ಒಂಬತ್ತನೇ ಕ್ಲಾಸು ಬಿಟ್ಟು ಓಡಿಹೋದವನಿಂದ ನಾವು ಸಂಸ್ಥೆ ನಡೆಸೋದು ಕಲೀಬೇಕಾ? ಕೂತ್ಕೊಳ್ಳಯ್ಯ, ಊಟಕ್ಕೆ ಟೈಮಾಯ್ತು.”

ಡಾಕ್ಟರ್ ಪ್ರಹ್ಲಾದ ಇದನ್ನು ಮೈಕಿನಲ್ಲಿ ಹೇಳಿದರು. ಕೆನಡಾದ ಮಾರ್ಕಮ್‌ನ ಕಮ್ಯುನಿಟಿ ಸೆಂಟರಿನಲ್ಲಿ ನಮ್ಮ ಸಂಸ್ಥೆಯ ಸಭೆ, ಹಾಲ್ ತುಂಬ ಜನ. ಎಲ್ಲ ನಕ್ಕರು. ಹಿಂದಿನ ಸಾಲಿನವರು ಯಾಕೆ ಅಂತ ಗೊತ್ತಾಗದೆಯೂ ನಕ್ಕರು.

ನಾನು ಕೇಳಿದ್ದು ದೊಡ್ಡದೇನಲ್ಲ. ನಮ್ಮ ‘ಕೈಮರ’ ಸಂಸ್ಥೆ ಟಾಂಜಾನಿಯಾದ ಸಿಂಗಿಡಾ ಕಡೆ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತದೆ. ಒಂದು ಶಾಲೆ, ಹಿಟ್ಟಿನ ಗಿರಣಿ, ಸಣ್ಣ ದವಾಖಾನೆ. ಅಲ್ಲಿ ಎಲ್ಲ ನೋಡಿಕೊಳ್ಳುವವರು ಪೆಂಡೊ ಅನ್ನುವ ಹೆಂಗಸು. ಅಲ್ಲಿಯವರು ಅಮ್ಮನಿಗೆ ಮಾಮಾ ಅನ್ನುತ್ತಾರೆ, ಹಾಗಾಗಿ ನಮಗೂ ಅವರು ಮಾಮಾ ಪೆಂಡೊ. ದವಾಖಾನೆ ಪಕ್ಕ ಸಂಸ್ಥೆ ಕಟ್ಟಿಸಿದ ಗೆಸ್ಟ್‌ಹೌಸ್ ಇದೆ. ಜುಲೈ ಬಿಟ್ಟರೆ ವರ್ಷವೆಲ್ಲ ಅದಕ್ಕೆ ಬೀಗ. ಜುಲೈನಲ್ಲಿ ನಮ್ಮ ಮೆಂಬರುಗಳ ಮಕ್ಕಳು ಇಲ್ಲಿಂದ ಹೋಗಿ ಶಾಲೆಯ ಗೋಡೆಗೆ ಬಣ್ಣ ಬಳಿದು ಫೋಟೊ ತೆಗೆಸಿಕೊಂಡು ಬರುತ್ತಾರೆ. ಯೂನಿವರ್ಸಿಟಿ ಅರ್ಜಿಗೆ ಬೇಕಾಗುತ್ತದಂತೆ. ಪ್ರತಿ ವರ್ಷ ಅದೇ ಗೋಡೆ. ಊರಿನ ಹೆಂಗಸರು ಸುಗ್ಗಿ ಬಿಟ್ಟು ಇವರಿಗೆ ನೀರು ಹೊರಬೇಕು, ಅಡುಗೆ ಮಾಡಿ ಹಾಕಬೇಕು. ದೂರದ ಹಳ್ಳಿಗಳಿಂದ ಹೆರಿಗೆಗೆ ಬರುವ ಬಸುರಿಯರು ಮಾತ್ರ ನೋವು ಕಾಣಿಸಿಕೊಳ್ಳುವ ತನಕ ದವಾಖಾನೆ ಮುಂದಿನ ಮರದ ಕೆಳಗೆ ಮಲಗಬೇಕು. ಆ ಮನೆಯನ್ನು ಬಸುರಿಯರಿಗೆ ಕೊಡಿ ಅಂತ ಮಾಮಾ ಪೆಂಡೊ ಕೇಳುತ್ತಲೇ ಇದ್ದರು. ನಾನು ಎದ್ದು ನಿಂತು ಹೇಳಿದ್ದು ಇಷ್ಟೇ: “ಅಲ್ಲಿದ್ದವರ ಮಾತಿಗೂ ಇಲ್ಲಿ ಒಂದ್ ಜಾಗ ಇರ್ಲಿರಿ.”

ಒಂಬತ್ತನೆಯದಕ್ಕೆ ಬಿಟ್ಟದ್ದು ನಿಜ. ಹುಬ್ಬಳ್ಳಿಯಿಂದ ಗದಿಗೆಪ್ಪ ಕಾಕಾ ನನ್ನನ್ನು ಸಿಂಗಿಡಾದ ತನ್ನ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಕರೆದೊಯ್ದ. ಅಲ್ಲಿಯವರ ಸ್ವಾಹಿಲಿ ಭಾಷೆ ನನಗೆ ಬಂದದ್ದು ಹಾಗೆ. ಈಗ ಇಲ್ಲೇ ಹತ್ತಿರದ ಒಶಾವಾದಲ್ಲಿ ಟೈರ್ ಬದಲಿಸುತ್ತೇನೆ. ಇದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ತಿಳಿಯಲಿಲ್ಲ.

ಕಾರ್ಯದರ್ಶಿ ರಜನಿ ಮೇಡಂ ಜಾಣೆ. ಹುಡುಗ ಜಗಳಕ್ಕೆ ನಿಂತ ಅಂತ ನೋಡಿ ಮೈಕು ತಗೊಂಡರು. “ಭಾಸ್ಕರ್ ಬಿಟ್ಮೇಲೆ ಅಧ್ಯಕ್ಷರ ಪೋಸ್ಟ್ ಖಾಲಿನೇ ಇದೆ. ಮಾಮಾ ಪೆಂಡೊ ಅವರನ್ನೇ ಮಾಡಿಬಿಡೋಣ. ಎಷ್ಟು ಚೆನ್ನಾಗಿರುತ್ತೆ ಅಲ್ವಾ?”

ಚಪ್ಪಾಳೆ. ಡಾಕ್ಟರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಮ್ಮ ಸಂಘಗಳ ಪದ್ಧತಿ ಎಲ್ಲರಿಗೂ ಗೊತ್ತಲ್ಲ. ಅಧ್ಯಕ್ಷರು ದೀಪ ಹಚ್ಚಬೇಕು, ಹಾರ ಹಾಕಿಸಿಕೊಳ್ಳಬೇಕು, ಕೊನೆಗೆ ಎರಡು ಮಾತಾಡಿ ಶಾಲು ಹೊದ್ದುಕೊಂಡು ಮನೆಗೆ ಹೋಗಬೇಕು. ಉಳಿದದ್ದೆಲ್ಲ ನಡೆಸುವವರು ಕಾರ್ಯದರ್ಶಿ ಮತ್ತು ಬೋರ್ಡಿನ ಖಾಯಂ ಸದಸ್ಯರಾದ ಡಾಕ್ಟರ್. ಭಾಸ್ಕರ ಅವರು ಅಧ್ಯಕ್ಷರಾಗಿದ್ದಷ್ಟು ಕಾಲ ಒಂದು ವಿಷಯಕ್ಕೂ ಬೇಡ ಅಂದದ್ದಿಲ್ಲ, ಬೇಕು ಅಂದದ್ದೂ ಇಲ್ಲ.

ಆದರೆ ಈ ಪದ್ಧತಿಯನ್ನು ಮಾಮಾ ಪೆಂಡೊಗೆ ಯಾರು ಹೇಳಿದ್ದರು? ಫೋನ್ ಮಾಡಿ ತಿಳಿಸು ಅಂದರು, ಚಾಚೂ ತಪ್ಪದೆ ತಿಳಿಸಿದೆ: ನಿಮ್ಮನ್ನು ಅಧ್ಯಕ್ಷರನ್ನಾಗಿ ಆರಿಸಿದ್ದಾರೆ, ಎಲ್ಲರೂ ಒಪ್ಪಿದ್ದಾರೆ. ಅವರು, “ಹಾಗಾದರೆ ಊರಿನ ಹೆಂಗಸರನ್ನು ಕೂಡಿಸಿ ಮಾತಾಡುತ್ತೇನೆ” ಅಂದರು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬೋರ್ಡ್ ಮೀಟಿಂಗು, ಡಾಕ್ಟರ ಮನೆಯ ಬೇಸ್‌ಮೆಂಟಲ್ಲಿ. ಉಪ್ಪಿಟ್ಟು, ಕಾಫಿ. ಅನುವಾದಕ್ಕೆ ಅಂತ ನನ್ನನ್ನೂ ಕರೆದಿದ್ದರು. ದೊಡ್ಡ ಟೀವಿಯಲ್ಲಿ ಮಾಮಾ ಪೆಂಡೊ. ರಜನಿ ಮೇಡಂ ನಗುತ್ತ, “ಅಧ್ಯಕ್ಷರು ಎರಡು ಮಾತಾಡಲಿ, ಆಮೇಲೆ ನಾವು ಜುಲೈ ಟ್ರಿಪ್ ವಿಷಯ ತಗೊಳ್ಳೋಣ” ಅಂದರು.

ಮಾಮಾ ಪೆಂಡೊ ಎರಡೇ ಮಾತಾಡಿದರು. ನಾನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ.

“ಈ ಜುಲೈಗೆ ಯಾರೂ ಬರೋದು ಬ್ಯಾಡ ಅಂತಾರ್ರಿ.”

ಅವರ ಎರಡನೇ ಮಾತನ್ನೂ ಹೇಳಿದೆ.

“ಗೆಸ್ಟ್‌ಹೌಸಿನ ಬೀಗ ತೆಗಿಸ್ಯಾರಂತ. ಬಸುರಿ ಹೆಣ್ಮಕ್ಕಳು ಆಗಲೇ ಬಂದು ಅದಾರಂತ.”

ಅವರು ಫೋನ್ ಹಿಡಿದುಕೊಂಡು ಅಂಗಳ ದಾಟಿ ಒಳಗೆ ತೋರಿಸಿದರು. ನಮ್ಮ ಮಕ್ಕಳು ಮಲಗುತ್ತಿದ್ದ ಮಂಚದ ಮೇಲೆ ಒಬ್ಬಳು ತುಂಬು ಬಸುರಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಕ್ಯಾಮೆರಾ ನೋಡಿ ಕೈ ಮಾಡಿದಳು. ಅಭ್ಯಾಸಬಲದಿಂದ ಇಲ್ಲಿ ಎಲ್ಲರೂ ಕೈ ಮಾಡಿದರು, ಡಾಕ್ಟರ್ ಕೂಡ.

“ಅವರಿಗೆ ಅಡುಗೆ ಆಗಬೇಕು, ನಾನು ಬರ್ತೀನಿ. ಮೀಟಿಂಗ್ ಮುಗೀತು ಅಂತ ಹೇಳು” ಅಂದರು ಮಾಮಾ ಪೆಂಡೊ. ಹೇಳಿದೆ. ಟೀವಿ ಕಪ್ಪಾಯಿತು.

ಮೊದಲು ನಕ್ಕವರು ಬೋರ್ಡ್ ಮೆಂಬರು, ಬೆಳಗಾವಿಯ ಶೇಖಪ್ಪ ಕಾಕಾ. “ಅಧ್ಯಕ್ಷರ ಅಪ್ಪಣೆ ಆತಲ್ರಿ ಡಾಕ್ಟ್ರ! ಉಪ್ಪಿಟ್ಟಾದ್ರೂ ತಿನ್ನಬಹುದೋ, ಅದಕ್ಕೂ ಅವರನ್ನ ಕೇಳಬೇಕೋ?”

“ತಮಾಷೆ ಸಾಕು ಶೇಖಪ್ಪ. ನಮ್ಮ ಈಶಾದು ಟಿಕೆಟ್ ಆಗಿದೆ. ಅವಳ ಫ್ರೆಂಡ್ಸ್‌ದೂ ಆಗಿದೆ.” ಈಶಾ ಡಾಕ್ಟರ ಮೊಮ್ಮಗಳು. “ರಜನಿ, ಒಂದು ಇಮೇಲ್ ಹಾಕಿಬಿಡಿ. ಅಧ್ಯಕ್ಷ ಸ್ಥಾನ ಬರೀ ಗೌರವಕ್ಕೆ ಅಂತ.”

“ಬರೆದು ಕೊಡೋಕಾಗಲ್ಲ ಡಾಕ್ಟ್ರೇ. ಸರ್ವಾನುಮತ ಅಂತ ಮಿನಿಟ್ಸಲ್ಲಿದೆ, ಸರ್ಕಾರಕ್ಕೂ ಅವರ ಹೆಸರೇ ಹೋಗಿದೆ. ನಾಳೆ ಯಾರಾದ್ರೂ ನೋಡಿದ್ರೆ ಏನಂತಾರೆ? ಅವರಾಗೇ ಹಿಂದೆ ಸರಿದ್ರೆ ಚೆನ್ನ.” ಮೇಡಂ ನನ್ನ ಕಡೆ ತಿರುಗಿದರು. “ಈರೇಶ, ನೀನು ಹೇಳಿದ್ರೆ ನಂಬ್ತಾರಪ್ಪ. ಅವರ ಭಾಷೇಲಿ ಮೆತ್ತಗೆ ತಿಳಿಸು. ನಮ್ಮಲ್ಲಿ ಅಧ್ಯಕ್ಷರು ಅಂದ್ರೆ ಹೀಗೇ, ಅಂತ.”

ಡಾಕ್ಟರ್ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

“ಅವತ್ತು ಸಭೇಲಿ ಏನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ. ನಿನ್ನಂಥ ಹುಡುಗರು ಬೋರ್ಡಲ್ಲಿರಬೇಕು ಕಣೋ. ಇವತ್ತೇ ತಗೊಳ್ಳೋಣ. ಏನ್ ರಜನಿ?”

“ಧಾರಾಳವಾಗಿ.”

ನನಗೆ ಆ ಕುರ್ಚಿ ಬೇಕಿತ್ತು. ಸುಳ್ಳು ಯಾಕೆ ಹೇಳಲಿ? ಅವತ್ತು ನಕ್ಕ ಅಷ್ಟೂ ಜನರ ಎದುರು ಹೋಗಿ ಕೂರಬೇಕಿತ್ತು. ಅದಕ್ಕೆ ಬೆಲೆ ಒಂದು ಫೋನು. ಆಮೇಲೆ ಆ ಹೆಂಗಸು ಮಂಚದಿಂದ ಇಳಿದು, ಕಡಲೆಕಾಯಿ ಮಡಿಲಿಗೆ ಕಟ್ಟಿಕೊಂಡು, ಮರದ ಕೆಳಗೆ ಹೋಗುತ್ತಾಳೆ. ಮಾಮಾ ಪೆಂಡೊ ಬಾಗಿಲಿಗೆ ಬೀಗ ಹಾಕುತ್ತಾರೆ, ನಾನು ಹೇಳಿದೆ ಅಂತ. ಆ ಕೈಯನ್ನು ಹೆಗಲಿನಿಂದ ಕಿತ್ತು ಒಗೆಯಬೇಕು ಅನ್ನಿಸಿತು.

“ತಗೋ, ಈಗಲೇ ಮಾಡು.” ಡಾಕ್ಟರ್ ತಮ್ಮ ಫೋನು ನನ್ನ ಮುಂದೆ ಹಿಡಿದರು.

ನಾನು ಅದನ್ನು ಮುಟ್ಟದೆ ಎದ್ದು ಜಾಕೆಟ್ ತಗೊಂಡೆ.

“ಯಾಕೋ? ಇಲ್ಲಿ ಸಿಗ್ನಲ್ ಬರಲ್ವಾ? ಮೇಲೆ ಹೋಗಿ ಮಾಡ್ತೀಯಾ?”

ಮೆಟ್ಟಿಲು ಹತ್ತಿದೆ. ಬಾಗಿಲ ಹತ್ತಿರ ಶೂಗಳ ರಾಶಿಯಲ್ಲಿ ನನ್ನವು ಅಡಿಗೆ ಬಿದ್ದಿದ್ದವು, ಎಳೆದು ಹಾಕಿಕೊಂಡೆ.

“ಈರೇಶ! ನಿನ್ನನ್ನೇ ಕೇಳ್ತಿರೋದು. ಹೇಳ್ತೀಯೋ ಇಲ್ವೋ?”

ಬಾಗಿಲು ಮುಚ್ಚಿಕೊಂಡು ಕಾರಿನ ಕಡೆ ನಡೆದೆ.